ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು?

ಏಳನೇ ತರಗತಿ ಮಕ್ಕಳ ಮುಂದೆ ಐಸ್ ಹಾಕಿದ ನೀರಿನ ಗಾಜಿನ ಲೋಟ ಇಟ್ಟೆ. ಸುಮ್ನೆ ಐದು ನಿಮಿಷ ನೋಡಿ, ಕಂಡದ್ದನ್ನಷ್ಟೇ ಬರೆಯಿರಿ ಎಂದೆ. ಮುಕ್ಕಾಲು ಪಾಲು ಮಕ್ಕಳು ಬರೆದದ್ದು ಒಂದೇ: 'ಲೋಟದಿಂದ ನೀರು ಒಸರುತ್ತಿದೆ.'

ಒಸರುವುದನ್ನು ಯಾರು ನೋಡಿದಿರಿ? ಎಲ್ಲರ ಕೈಯೂ ಮೇಲೆ! ಕಣ್ಣಿಗೆ ಬಿದ್ದದ್ದು ಲೋಟದ ಹೊರಮೈ ಮೇಲಿನ ಹನಿಗಳು, ಅಷ್ಟೆ. ಒಳಗಿನಿಂದ ಬಂತು ಅನ್ನೋದು ತಲೆ ಸೇರಿಸಿದ ಮಾತು. ಅದು ಎಷ್ಟು ಬೇಗ ಸೇರುತ್ತದೆ ಅಂದರೆ, ಸೇರಿದ್ದೇ ಗೊತ್ತಾಗುವುದಿಲ್ಲ.

ಇದನ್ನು ಹೇಳಿಕೊಡಲು ಪದಗಳದ್ದೇ ತೊಡಕು. ತರ್ಕಶಾಸ್ತ್ರದಲ್ಲಿ 'ಅನುಮಾನ' ಸರಿಯಾದ ಪದ. ಬೆಟ್ಟದ ಮೇಲೆ ಹೊಗೆ ಕಂಡು, ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು. ಆದರೆ ಮಕ್ಕಳ ಕಿವಿಗೆ ಅನುಮಾನ ಅಂದರೆ ಸಂಶಯ. 'ಊಹೆ' ಅಂದರೆ ಬಾಯಿಗೆ ಬಂದದ್ದು ಹೇಳೋದು. ಅದಕ್ಕೇ ನಾನು ಬೋರ್ಡಿನ ಮೇಲೆ ಎರಡು ಕಾಲಂ ಎಳೆದು 'ಕಂಡದ್ದು', 'ಅಂದುಕೊಂಡದ್ದು' ಎಂದು ಬರೆಯುತ್ತೇನೆ.

ನನ್ನ ತಕರಾರು ಇರೋದು ಇದರ ಮುಂದಿನ ಹಂತದಲ್ಲಿ. ನಾವು ಟೀಚರುಗಳು ಎರಡನೇ ಕಾಲಂ ಅನ್ನು ತಪ್ಪುಗಳ ಪಟ್ಟಿ ಥರ ನೋಡುತ್ತೇವೆ. ಮಕ್ಕಳೂ ಅದನ್ನೇ ಕಲಿಯುತ್ತಾರೆ. ನೆಪ್ಚೂನ್ ಸಿಕ್ಕಿದ್ದು ಹೇಗೆ ಮತ್ತೆ? ಯುರೇನಸ್ ಲೆಕ್ಕದ ದಾರಿ ಬಿಟ್ಟು ಚಲಿಸುತ್ತಿತ್ತು. ಅದನ್ನು ಎಳೆಯುವ ಇನ್ನೊಂದು ಗ್ರಹ ಇರಬೇಕು ಅಂದುಕೊಂಡರು. 1846ರಲ್ಲಿ ಲೆಕ್ಕ ತೋರಿಸಿದ ಜಾಗದ ಹತ್ತಿರವೇ ದೂರದರ್ಶಕಕ್ಕೆ ಅದು ಸಿಕ್ಕಿತು. ಅಂದುಕೊಂಡದ್ದು ಮೊದಲು, ಕಂಡದ್ದು ಆಮೇಲೆ.

ಇತ್ತ ಕಂಡದ್ದನ್ನೂ ಪೂರ್ತಿ ನಂಬುವ ಹಾಗಿಲ್ಲ. 1877ರಲ್ಲಿ ಇಟಲಿಯ ಖಗೋಳಜ್ಞ ಶಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡ. ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆ ಎಂದು ಅಮೆರಿಕದ ಖಗೋಳಜ್ಞ ಲೊವೆಲ್ ವರ್ಷಗಟ್ಟಲೆ ವಾದಿಸಿದ. 1965ರಲ್ಲಿ ಮ್ಯಾರಿನರ್ 4 ಬಾಹ್ಯಾಕಾಶ ನೌಕೆ ಹತ್ತಿರದಿಂದ ತೆಗೆದ ಫೋಟೋಗಳಲ್ಲಿ ಇದ್ದದ್ದು ಕುಳಿಗಳು. ಕಾಲುವೆ ಹಾಗಿರಲಿ, ಆ ಗೆರೆಗಳಲ್ಲೂ ಹೆಚ್ಚಿನವು ಕಣ್ಣಿನ ಭ್ರಮೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಸುಮ್ನೆ ಹೇಳಿಲ್ಲ.

ಹಾಗಾಗಿ ಈಗ ನಾನು ಎರಡನೇ ಕಾಲಂ ಅಳಿಸುವುದಿಲ್ಲ. 'ಹೌದೋ ಅಲ್ಲವೋ ಹೇಗೆ ನೋಡೋಣ?' ಎಂದು ಕೇಳುತ್ತೇನೆ. ಅವತ್ತು ಒಬ್ಬ, ನೀರಿಗೆ ಬಣ್ಣ ಹಾಕೋಣ ಎಂದ. ಹಾಕಿದೆವು. ಹೊರಗಿನ ಹನಿಗೆ ಬಣ್ಣ ಬರಲಿಲ್ಲ. ಇನ್ನೊಬ್ಬ ಲೋಟ ತೂಗೋಣ ಎಂದ. ಒಸರಿದ್ದರೆ ಹೊರಮೈ ಒರೆಸಿದ ಮೇಲೆ ತೂಕ ಇಳಿಯಬೇಕಿತ್ತು, ಇಳಿಯಲಿಲ್ಲ. ಐಸ್ ಇಲ್ಲದ ಲೋಟದ ಮೇಲೆ ಹನಿಯೇ ಇಲ್ಲ. ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಗಾಜಿಗೆ ತಾಗಿ ಹನಿಯಾಯಿತು ಎಂಬಲ್ಲಿಗೆ ಬಂದೆವು. ನಾನು ಅದನ್ನು ಖುಷಿಯಿಂದ 'ಕಂಡದ್ದು' ಕಾಲಂನಲ್ಲಿ ಬರೆಯಲು ಹೋದೆ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: 'ಮಿಸ್, ನೀರಾವಿ ಬಂದದ್ದನ್ನೂ ನಾವು ನೋಡಿಲ್ಲ ಅಲ್ವಾ?'

ಒರೆಸಿ, ಪಕ್ಕದ ಕಾಲಂನಲ್ಲಿ ಬರೆದೆ.