ಮುಟ್ಟಿ ನೋಡಿದರೆ ಗಂಟು ಯಾವುದು ಅಂತ ಗೊತ್ತಾಗಲ್ಲ

ಇವತ್ತು ಬೆಳಿಗ್ಗೆ ಪಾರ್ಕಿನಲ್ಲಿ ಒಬ್ಬರ ಮೇಲೆ ರೇಗಿಬಿಟ್ಟೆ. ವಯಸ್ಸಾದವರು, ಒಳ್ಳೆಯವರು, ದಿನಾ ಸಿಗುವವರು. ಅವರದು ಏಳು ವರ್ಷದ ಪಗ್ ನಾಯಿ. ಅದರ ಪಕ್ಕೆಯ ಮೇಲೆ ಕಡಲೆಬೀಜದಷ್ಟು ಒಂದು ಗಂಟು ಕಂಡಿತು. ಇದೇನು ಸರ್ ಅಂತ ಕೇಳಿದೆ. "ಕೊಬ್ಬಿನ ಗಡ್ಡೆಯಂತೆ ಮೇಡಂ, ಡಾಕ್ಟರು ಮುಟ್ಟಿ ನೋಡಿ ಹೇಳಿದರು. ನಮ್ಮ ಮನೆಯವಳು ದಿನಾ ಹರಳೆಣ್ಣೆ ಹಚ್ಚಿ ತಿಕ್ಕುತ್ತಾಳೆ, ಕರಗುತ್ತೆ ಅಂತ" ಅಂದರು.

ನನಗೆ ತಲೆ ಕೆಟ್ಟುಹೋಯಿತು. ಸೂಜಿ ಹಾಕಿ ನೋಡಿದರಾ, ಯಾರು ಹೇಳಿದ್ದು, ಯಾವಾಗ ಹೇಳಿದ್ದು, ತಿಕ್ಕೋದನ್ನು ಇವತ್ತೇ ನಿಲ್ಲಿಸಿ ಅಂತ ಒಂದೇ ಉಸಿರಿನಲ್ಲಿ ಏನೇನೋ ಹೇಳಿದೆ. ಅವರು ಗಾಬರಿಯಾದರು. ಆಮೇಲೆ ಕ್ಷಮಿಸಿ ಸರ್ ಅಂತ ಕೇಳಿಕೊಂಡೆ. ಆದರೆ ಹೇಳಿದ ಮಾತನ್ನು ವಾಪಸ್ ತಗೊಳ್ಳಲಿಲ್ಲ. ಮನೆಗೆ ಬಂದು ಕಾಫಿ ಕುಡಿದರೂ ಮನಸ್ಸು ತಣ್ಣಗಾಗಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ಬೆಲ್ಲ ನಮ್ಮ ಮನೆಯ ನಾಯಿ, ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತು. ನಾನು ಫೋಟೋ ಹಾಕಿದಾಗಲೆಲ್ಲ "ಬೆಲ್ಲ ಹೇಗಿದ್ದಾನೆ" ಅಂತ ಕೇಳುತ್ತೀರಿ. ಚೆನ್ನಾಗಿದ್ದಾನೆ ಅಂತ ಬರೀತೀನಿ. ಪೂರ್ತಿ ಕತೆ ಯಾವತ್ತೂ ಬರೆದಿಲ್ಲ.

ಅವನಿಗೆ ಮೊದಲ ಗಂಟು ಬಂದಾಗ ಆರು ವರ್ಷ. ಬಲ ಹಿಂಗಾಲಿನ ತೊಡೆಯ ಮೇಲೆ ಅವರೆಕಾಳಿನಷ್ಟು. ಒಂದು ದಿನ ದೊಡ್ಡದಾಗಿ ಕಾಣೋದು, ಮಾರನೇ ದಿನ ಚಿಕ್ಕದಾಗೋದು. ಚಿಕ್ಕದಾದ ದಿನ ನಮಗೆ ಸಮಾಧಾನ. ಅಮ್ಮ ಅದಕ್ಕೆ ಅರಿಶಿನ ಹಚ್ಚಿ ಮೆಲ್ಲಗೆ ತಿಕ್ಕುತ್ತಿದ್ದರು. ತಿಕ್ಕಿದ ಮೇಲೆ ಅದು ಕೆಂಪಗಾಗಿ ಊದಿಕೊಳ್ಳುತ್ತಿತ್ತು. ಕೈಯ ಬಿಸಿಗೆ ಇರಬೇಕು ಅಂದುಕೊಂಡೆವು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರೂ ಮುಟ್ಟಿ ನೋಡಿ, "ಕೊಬ್ಬಿನ ಗಡ್ಡೆ, ಬೇಕಾದರೆ ತೆಗೆಯೋಣ" ಅಂದರು. ತೆಗೆದರು. ನಾಲ್ಕು ಹೊಲಿಗೆ, ಗಾಯ ನೆಕ್ಕದ ಹಾಗೆ ಕೊರಳಿಗೆ ಹತ್ತು ದಿನ ಕೋನ್. ತೆಗೆದ ಗಂಟನ್ನು ಏನು ಮಾಡಿದಿರಿ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅದು ಕಸದ ಡಬ್ಬಕ್ಕೆ ಹೋಗಿತ್ತು.

ಇವತ್ತಿಗೂ ನನ್ನ ಹೊಟ್ಟೆ ಉರಿಯೋದು ಅಲ್ಲೇ. ಕ್ಯಾನ್ಸರ್ ಬಂದಿದ್ದಕ್ಕೆ ನಾನು ಯಾರನ್ನೂ ಬೈಯಲ್ಲ. ಆದರೆ ಗಂಟು ಕೈಯಲ್ಲಿತ್ತು. ಕೆಡದ ಹಾಗೆ ಕಾಪಾಡುವ ಫಾರ್ಮಾಲಿನ್ ದ್ರವದ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದ್ದರೆ ಒಂದೆರಡು ವಾರದಲ್ಲಿ ಹೆಸರು ಗೊತ್ತಾಗುತ್ತಿತ್ತು. ಕಳಿಸಲಿಲ್ಲ.

ಎಂಟು ತಿಂಗಳಿಗೆ ಅದೇ ಹೊಲಿಗೆಯ ಗೆರೆಯ ಮೇಲೆ ಮತ್ತೆ ಬಂತು. ಈ ಸಲ ಒಂದಲ್ಲ, ಎರಡು. ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಮಾಡಿದ ಮೊದಲ ಕೆಲಸ ಸಣ್ಣ ಸೂಜಿ ಚುಚ್ಚಿ, ಬಂದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದ್ದು. ಚುಚ್ಚುವ ಮೊದಲು ಅಲರ್ಜಿ ತಡೆಯುವ ಇಂಜೆಕ್ಷನ್ ಕೊಟ್ಟರು. ಯಾಕೆ ಅಂತ ಆಗ ಅರ್ಥವಾಗಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೀವೂ ನೋಡಿ ಅಂದರು. ದುಂಡಗಿನ ಜೀವಕೋಶಗಳು, ಒಳಗೆ ರಾಗಿ ಚೆಲ್ಲಿದ ಹಾಗೆ ನೇರಳೆ ಚುಕ್ಕೆಗಳು. "ಮಾಸ್ಟ್ ಸೆಲ್ ಟ್ಯೂಮರ್" ಅಂದರು. ನಾಯಿಗಳ ಚರ್ಮಕ್ಕೆ ಬರುವ ಒಂದು ಕ್ಯಾನ್ಸರ್.

ಮಾಸ್ಟ್ ಸೆಲ್ ಅಂದರೆ ನಮ್ಮ ಮೈಯಲ್ಲೂ ಇರುತ್ತೆ. ಅಲರ್ಜಿ ಆದಾಗ ತುರಿಕೆ, ಊತ ತರಿಸುವ ಹಿಸ್ಟಮಿನ್ ಇರೋದು ಆ ಚುಕ್ಕೆಗಳಲ್ಲೇ. ಗಂಟನ್ನು ಒತ್ತಿದರೆ, ತಿಕ್ಕಿದರೆ ಆ ಹಿಸ್ಟಮಿನ್ ಹೊರಗೆ ಬರುತ್ತೆ. ಅದಕ್ಕೇ ಅಮ್ಮ ತಿಕ್ಕಿದಾಗ ಕೆಂಪಗಾಗುತ್ತಿತ್ತು, ಅದಕ್ಕೇ ದಿನಕ್ಕೊಂದು ಸೈಜು, ಅದಕ್ಕೇ ಸೂಜಿ ಚುಚ್ಚುವ ಮೊದಲು ಆ ಇಂಜೆಕ್ಷನ್. ಹಿಸ್ಟಮಿನ್ ಜಾಸ್ತಿಯಾದರೆ ಹೊಟ್ಟೆಯೊಳಗೆ ಹುಣ್ಣಾಗುತ್ತೆ, ವಾಂತಿ, ಕಪ್ಪು ಮಲ. ಬೆಲ್ಲ ಆಗಾಗ ಊಟ ಬಿಟ್ಟು ಹುಲ್ಲು ತಿಂದು ವಾಂತಿ ಮಾಡುತ್ತಿದ್ದದ್ದು ನೆನಪಾಯಿತು. ಅಮ್ಮನಿಗೆ ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅವರು ಆವತ್ತು ರಾತ್ರಿ ಊಟ ಮಾಡಲಿಲ್ಲ. "ನನ್ನ ಕೈಯಾರೆ ಮಾಡಿದೆನಲ್ಲೇ" ಅಂತ ಅತ್ತರು. ಅಮ್ಮನ ತಪ್ಪಲ್ಲ. ಮುಟ್ಟಿ ನೋಡಿ ಕೊಬ್ಬು ಅಂತ ಹೇಳಿದ್ದನ್ನು ನಂಬಿದ್ದು ಬಿಟ್ಟರೆ ಅವರು ಮಾಡಿದ್ದೇನು?

ಎರಡನೇ ಆಪರೇಷನ್ ದೊಡ್ಡದು. ಈ ಗಡ್ಡೆಯನ್ನು ಸುಮ್ನೆ ಗಂಟಿನಷ್ಟೇ ತೆಗೆದರೆ ಸಾಲದಂತೆ. ಸುತ್ತ ಎರಡು ಮೂರು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ, ಕೆಳಗಿನ ಒಂದು ಪದರವನ್ನೂ ಸೇರಿಸಿ ತೆಗೆಯಬೇಕು. ಮೊದಲ ಸಲವೇ ಹೆಸರು ಗೊತ್ತಿದ್ದರೆ ಆಗಲೇ ಹಾಗೆ ತೆಗೆಯಬಹುದಿತ್ತು. ತೊಡೆಯಲ್ಲಿ ಆಗ ಜಾಗ ಇತ್ತು. ಎರಡನೇ ಸಲ ಹಳೇ ಗಾಯದ ಮೇಲೆ ಕೊಯ್ದು, ಚರ್ಮ ಎಳೆದು ಹೊಲಿದರು. ರಿಪೋರ್ಟು ಬಂತು. ಗ್ರೇಡ್ 2, ಅಂದರೆ ಮೂರರಲ್ಲಿ ನಡುವಿನದು. ಅಂಚಿನಲ್ಲಿ ಇನ್ನೂ ಜೀವಕೋಶಗಳು ಉಳಿದಿವೆ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

ಆಮೇಲೆ ಕೀಮೋ. ಮೈಸೂರಿನಿಂದ ಬೆಂಗಳೂರಿಗೆ, ಮೊದಲು ವಾರಕ್ಕೊಂದು ಸಲ ನಾಲ್ಕು, ಆಮೇಲೆ ಎರಡು ವಾರಕ್ಕೊಂದು ಸಲ ನಾಲ್ಕು. ವಿನ್‌ಬ್ಲಾಸ್ಟಿನ್ ಇಂಜೆಕ್ಷನ್, ಜೊತೆಗೆ ಪ್ರೆಡ್ನಿಸೋಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ. ಪ್ರತಿ ಸಲ ಮೊದಲು ರಕ್ತ ಪರೀಕ್ಷೆ, ಬಿಳಿ ರಕ್ತಕಣ ಕಡಿಮೆ ಇದ್ದರೆ ವಾಪಸ್. ಒಂದು ಸಲ ಹಾಗೇ ವಾಪಸ್ ಬಂದೆವು. ಮಾತ್ರೆಗೆ ಅವನಿಗೆ ಎಲ್ಲಿಲ್ಲದ ಹಸಿವು. ಮದ್ದೂರಿನಲ್ಲಿ ಕಾರು ನಿಲ್ಲಿಸಿದರೆ ವಡೆ ವಾಸನೆಗೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕುತ್ತಿದ್ದ. ಈರುಳ್ಳಿ ನಾಯಿಗೆ ಆಗಲ್ಲ, ಅದಕ್ಕೆ ಇಡ್ಲಿ ತಂದು ಕೊಡುತ್ತಿದ್ದೆ. ಕೂದಲು ಉದುರಲಿಲ್ಲ, ಮೀಸೆ ಮಾತ್ರ ಉದುರಿತು. ಮನುಷ್ಯರಿಗೆ ಕೊಡುವಷ್ಟು ಜೋರಾಗಿ ನಾಯಿಗಳಿಗೆ ಕೀಮೋ ಕೊಡಲ್ಲ. ನಾನು ಹೆದರಿದ್ದಷ್ಟು ಅವನು ಒದ್ದಾಡಲಿಲ್ಲ.

ವಿನ್‌ಬ್ಲಾಸ್ಟಿನ್ ಸಿಕ್ಕಿದ್ದು ನಿತ್ಯಪುಷ್ಪದ ಗಿಡದಿಂದ ಅಂತ ಡಾಕ್ಟರು ಹೇಳಿದರು. 1958ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ಅದರ ಎಲೆಯಿಂದ ಬೇರ್ಪಡಿಸಿದ್ದಂತೆ. ನಮ್ಮ ಕಾಂಪೌಂಡಿನ ಪಕ್ಕ ಯಾರೂ ನೆಡದೆ ಬೆಳೆದು ನಿಂತಿರುವ ಅದೇ ಗಿಡ. ಅಮ್ಮ ಅದಕ್ಕೆ ಆವತ್ತಿನಿಂದ ನೀರು ಹಾಕುತ್ತಾರೆ. (ದಯವಿಟ್ಟು ಯಾರೂ ಎಲೆ ಅರೆದು ನಾಯಿಗೆ ಕುಡಿಸಬೇಡಿ. ಗಿಡ ಹಾಗೇ ತಿಂದರೆ ವಿಷ.)

ಎರಡು ವರ್ಷ ಚೆನ್ನಾಗಿದ್ದ. ಈ ಮಧ್ಯೆ ಬಂಧುಗಳ ಮನೆಯ ಗೃಹಪ್ರವೇಶದಲ್ಲಿ ಒಬ್ಬರು "ನಾಯಿಗೆ ಇಷ್ಟೆಲ್ಲ ಯಾಕಮ್ಮ, ಎಷ್ಟೋ ಜನರಿಗೇ ಔಷಧಿಗೆ ದುಡ್ಡಿಲ್ಲ" ಅಂದರು. ನಿಜ, ಎಷ್ಟೋ ಜನರಿಗೆ ಇಲ್ಲ. ಆದರೆ ಬೆಲ್ಲನ ದುಡ್ಡು ಉಳಿಸಿದ್ದರೆ ನಾನದನ್ನು ಅವರಿಗೆ ಕೊಡುತ್ತಿದ್ದೆನಾ? ಬಂಗಾರ ಕೊಂಡಿದ್ದರೆ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಆ ಮಾತು ಬಿಡಿ. ನಾನು ಕೀಮೋ ಮಾಡಿಸಿ ಅಂತ ಯಾರಿಗೂ ಹೇಳುತ್ತಿಲ್ಲ. ಸೂಜಿ ಹಾಕಿಸಿ ಅಂತ ಹೇಳುತ್ತಿದ್ದೀನಿ, ಅಷ್ಟೇ. ಬೆಲ್ಲನ ಸೂಜಿ ಪರೀಕ್ಷೆಗೆ ಆಗಿದ್ದು ಎಂಟು ನೂರು ರೂಪಾಯಿ. ಅದನ್ನು ಮೊದಲೇ ಮಾಡಿಸದೆ ಇದ್ದದ್ದಕ್ಕೆ ಆಮೇಲೆ ಎಷ್ಟಾಯಿತು ಅಂತ ಬರೆಯೋಕೂ ಮನಸ್ಸಿಲ್ಲ.

ಇನ್ನೊಂದು ಮಾತೂ ಕೇಳುತ್ತೀನಿ. ಲ್ಯಾಬ್ರಡಾರ್‌ಗಳಿಗೆ ವಯಸ್ಸಾದ ಮೇಲೆ ಕೊಬ್ಬಿನ ಗಡ್ಡೆ ಬರೋದು ಮಾಮೂಲು, ಎಲ್ಲದಕ್ಕೂ ಸೂಜಿ ಹಾಕುತ್ತಾ ಕೂರೋಕಾಗುತ್ತಾ ಅಂತ. ಮಾಮೂಲು ಹೌದು. ಆದರೆ ಲ್ಯಾಬ್, ಪಗ್, ಬಾಕ್ಸರ್, ಈ ಜಾತಿಗಳಿಗೆ ಮಾಸ್ಟ್ ಸೆಲ್ಲೂ ಜಾಸ್ತಿ. ಎರಡೂ ಒಂದೇ ಥರ ಮೆತ್ತಗೆ ಇರಬಹುದು, ಚರ್ಮದ ಕೆಳಗೆ ಜಾರಬಹುದು. ಮೂವತ್ತು ವರ್ಷ ಅನುಭವ ಇರುವ ಕೈಗೂ ಮುಟ್ಟಿ ಖಂಡಿತ ಹೇಳೋಕಾಗಲ್ಲ. ಅದನ್ನು ನನಗೆ ಹೇಳಿದ್ದೂ ಒಬ್ಬ ಡಾಕ್ಟರೇ. ಲಸಿಕೆ ಹಾಕೋವಾಗ ಚುಚ್ಚುವಂಥದ್ದೇ ಸೂಜಿ, ಅರ್ಧ ನಿಮಿಷದ ಕೆಲಸ.

ಈಗ ಒಂದು ವಿಷಯ ಹೇಳಬೇಕು. ನಮ್ಮ ಮನೆಯವರಿಗೂ ಹೋದ ತಿಂಗಳೇ ಹೇಳಿದ್ದು.

ಇದೇ ವರ್ಷ ಬೆಲ್ಲನ ಎಡಗಿವಿಯ ಹಿಂದೆ ಹೆಸರುಕಾಳಿನಷ್ಟು ಒಂದು ಗಂಟು ನನ್ನ ಬೆರಳಿಗೆ ಸಿಕ್ಕಿತು. ರಾತ್ರಿ, ಟಿವಿ ನೋಡುತ್ತಾ ಅವನ ಕಿವಿ ಸವರುತ್ತಿದ್ದೆ. ಕೈ ಅಲ್ಲೇ ನಿಂತಿತು. ನಾನು ಯಾರಿಗೂ ಹೇಳಲಿಲ್ಲ. ಉಣ್ಣೆ ಕಚ್ಚಿರಬೇಕು ಅಂದುಕೊಂಡೆ. ಎಲ್ಲಾ ಗೊತ್ತಿದ್ದ ನಾನು, ಬೇರೆಯವರಿಗೆಲ್ಲ ಬುದ್ಧಿ ಹೇಳುವ ನಾನು, ಮೂರು ವಾರ ಸುಮ್ಮನಿದ್ದೆ. ಆ ಕಡೆ ಕಿವಿ ಮುಟ್ಟೋದನ್ನೇ ಬಿಟ್ಟೆ. ಹೆಸರು ಗೊತ್ತಾಗೋವರೆಗೂ ಅದು ಏನೂ ಅಲ್ಲ ಅನ್ನಿಸುತ್ತಿತ್ತು. ಮತ್ತೆ ಬೆಂಗಳೂರು, ಮತ್ತೆ ಕೋನ್, ಮತ್ತೆ ರಿಪೋರ್ಟಿಗೆ ಕಾಯೋದು, ಅದನ್ನು ಇನ್ನೊಂದು ಸಲ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಮೂರು ವಾರಕ್ಕೆ ಅದು ಅವರೆಕಾಳಿನಷ್ಟಾಯಿತು. ಕೊನೆಗೆ ಅಡುಗೆಮನೆಯಲ್ಲಿ ಅಮ್ಮನ ಮುಂದೆ ಅತ್ತು ಹೇಳಿದೆ. ಅವರು ಒಂದೂ ಪ್ರಶ್ನೆ ಕೇಳದೆ ಒಲೆ ಆರಿಸಿ, "ನಡಿ, ಈಗಲೇ ಹೋಗೋಣ" ಅಂದರು.

ಮಾಸ್ಟ್ ಸೆಲ್ಲೇ. ಆದರೆ ಹಳೆಯದು ಹರಡಿದ್ದಲ್ಲ, ಹೊಸದಾಗಿ ಹುಟ್ಟಿದ್ದು ಇರಬೇಕು ಅಂದರು. ಕೆಲವು ನಾಯಿಗಳಿಗೆ ಹೀಗೆ ಬೇರೆ ಬೇರೆ ಕಡೆ ಬರುತ್ತಂತೆ. ಅಗಲವಾಗಿ ತೆಗೆದರು. ಈ ಸಲ ಗಂಟು ನೇರ ಫಾರ್ಮಾಲಿನ್ ಡಬ್ಬಿಗೆ ಹೋಯಿತು, ನಾನೇ ಎದುರಿಗೆ ನಿಂತು ಹೆಸರಿನ ಚೀಟಿ ಅಂಟಿಸಿದೆ. ಕಡಿಮೆ ಗ್ರೇಡು, ಅಂಚು ಸ್ವಚ್ಛ. ಕೀಮೋ ಬೇಡ ಅಂದರು.

ಹಾಗಾಗಿ ಪಾರ್ಕಿನಲ್ಲಿ ರೇಗಿದ್ದು ಅವರ ಮೇಲಲ್ಲ ಅಂತ ಈಗ ಅನ್ನಿಸುತ್ತಿದೆ. ಆ ಮೂರು ವಾರ ನನ್ನೊಳಗೆ ಇನ್ನೂ ಕೂತಿದೆ.

ನಿಮ್ಮೂರಿನಲ್ಲಿ ಸೂಜಿ ಪರೀಕ್ಷೆ ಮಾಡೋರು ಇಲ್ಲದಿದ್ದರೆ ವೆಟರ್ನರಿ ಕಾಲೇಜಿಗೆ ಹೋಗಿ ಕೇಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಕಾಲೇಜುಗಳಿವೆ, ಪೆಥಾಲಜಿ ವಿಭಾಗ ಅಲ್ಲಿ ಇರುತ್ತೆ. ಆಪರೇಷನ್ ಆಗಲೇ ಗೊತ್ತುಮಾಡಿದ್ದರೆ, ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತೀರಾ ಅಂತ ಮೊದಲೇ ಕೇಳಿ. ಡಾಕ್ಟರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿರಬೇಡಿ. ನಾನು ಹಾಗೇ ಸುಮ್ಮನಿದ್ದೆ.

ಇದನ್ನು ಬರೆಯುವಾಗಲೇ ಪಾರ್ಕಿನ ಸರ್ ಮೆಸೇಜ್ ಮಾಡಿದರು. ಎಣ್ಣೆ ಹಚ್ಚೋದು ನಿಲ್ಲಿಸಿದ್ದಾರಂತೆ. ನಾಳೆ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ನೀವೂ ಬರ್ತೀರಾ ಮೇಡಂ ಅಂತ ಕೇಳಿದ್ದಾರೆ. ಬರ್ತೀನಿ ಅಂದೆ.

ಇವತ್ತು ಭಾನುವಾರ. ಭಾನುವಾರ ಬೆಲ್ಲನನ್ನು ಮೂಗಿನಿಂದ ಬಾಲದವರೆಗೂ ಬೆರಳಾಡಿಸಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವ ದಿನ. ಅಮ್ಮ ಆಗಲೇ ಚಾಪೆ ಹಾಸಿ ಕರೀತಿದ್ದಾರೆ. ಈ ಸಲ ಎಡಗಿವಿಯಿಂದಲೇ ಶುರು ಮಾಡ್ತೀನಿ.