ಬೇಡ ಅನ್ನೋರು ಬೇಕು

"ಯಾವ ಪ್ರಕಾಶನ?"

ಕಾದಂಬರಿ ಬರೆದಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಕತೆ ಏನು, ಎಷ್ಟು ಪುಟ, ಅದೆಲ್ಲ ಆಮೇಲೆ. ನಾನೇ ಹಾಕಿಸಿದ್ದು ಅಂದರೆ ಎದುರಿನವರ ಬಾಯಿಂದ ಒಂದು ಸಣ್ಣ "ಓ..." ಹೊರಡುತ್ತದೆ. ಮಗ ಏನ್ ಮಾಡ್ಕೊಂಡಿದಾನೆ ಅಂತ ಕೇಳಿದಾಗ "ಸ್ವಂತ ಏನೋ ಮಾಡ್ತಿದಾನೆ" ಅಂದರೆ ಬರುತ್ತದಲ್ಲ, ಅದೇ "ಓ".

ಆ "ಓ"ಗೆ ನಾನು ಒಂದು ಕಾಲದಲ್ಲಿ ತುಂಬಾ ಉರಿದುಕೊಳ್ಳುತ್ತಿದ್ದೆ. ಉತ್ತರ ರೆಡಿ ಇರುತ್ತಿತ್ತು. ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜಿನಿಯಾ ವುಲ್ಫ್ ಗಂಡನ ಜೊತೆ 1917ರಲ್ಲಿ ಕೈಯಿಂದ ನಡೆಸುವ ಪುಟ್ಟ ಮುದ್ರಣ ಯಂತ್ರ ತಂದು ಊಟದ ಮೇಜಿನ ಮೇಲೆ ಇಟ್ಟುಕೊಂಡು ಪುಸ್ತಕ ಮಾಡಿದರು, ಮೊದಲ ಪುಸ್ತಕಕ್ಕೆ ಬರೀ 150 ಪ್ರತಿ. ಮಕ್ಕಳ ಕತೆಗಳ ಬಿಯಾಟ್ರಿಕ್ಸ್ ಪಾಟರ್ ತಮ್ಮ ಮೊಲದ ಕತೆಯನ್ನು ಯಾವ ಪ್ರಕಾಶಕರೂ ಒಪ್ಪಲಿಲ್ಲ ಅಂತ 1901ರಲ್ಲಿ ತಾವೇ ದುಡ್ಡು ಹಾಕಿ 250 ಪ್ರತಿ ಮಾಡಿಸಿದರು. ನಮ್ಮ ಕನ್ನಡದ ಹಳೆಯ ಕಾದಂಬರಿಕಾರ ಗಳಗನಾಥರಂತೂ ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಎದುರಿನವರು ಸುಸ್ತಾಗೋದನ್ನು ನೋಡಿ ಖುಷಿಪಡುತ್ತಿದ್ದೆ.

ಈಗ ಒಪ್ಪಿಸುವುದಿಲ್ಲ. ಯಾಕೆಂದರೆ ಆ "ಓ" ಪೂರ್ತಿ ತಪ್ಪಲ್ಲ ಅಂತ ಗೊತ್ತಾಗಿದೆ. ಅದಕ್ಕೆ ಎರಡು ಕಾದಂಬರಿ ಬೇಕಾಯಿತು.

ಹೊಟ್ಟೆಪಾಡಿಗೆ ನಾನು ವಿಮಾ ಕ್ಲೇಮುಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮೇಲೆ ಯಾವ ಲೇಖಕರ ಪ್ರಭಾವ ಅಂತ ಯಾರಾದರೂ ಕೇಳಿದರೆ ನಾಲ್ಕು ದೊಡ್ಡ ಹೆಸರು ಹೇಳುವುದು ವಾಡಿಕೆ. ನಾನೂ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಬರೆಯಲು ಕಲಿಸಿದ್ದು ಕ್ಲೇಮ್ ಫಾರಂ. ಅದರಲ್ಲಿ "ಘಟನೆ ಹೇಗಾಯಿತು" ಅಂತ ಒಂದು ಕಾಲಂ ಇರುತ್ತದೆ. ನಾಲ್ಕು ಗೆರೆ ಜಾಗ. ಜೀವನದಲ್ಲಿ ಒಂದಕ್ಷರ ಕತೆ ಬರೆಯದವರೂ ಅಲ್ಲಿ ಕತೆ ಬರೆಯಲೇಬೇಕು. ಬರೆಯುತ್ತಾರೆ ಕೂಡ. ತಪ್ಪು ತಮ್ಮದಾಗಿದ್ದರೆ "ವಾಹನವು ಹಿಮ್ಮುಖವಾಗಿ ಚಲಿಸಿತು" ಅಂತಾರೆ, ತಾನಾಗೇ ಚಲಿಸಿದ ಹಾಗೆ. ತಪ್ಪು ಬೇರೆಯವರದಾದರೆ "ಅವನು ಬಂದು ಗುದ್ದಿದ". ಕರ್ತೃ ಯಾವಾಗ ಮಾಯವಾಗುತ್ತಾನೆ ಅನ್ನುವುದನ್ನು ನಾನು ಯಾವ ವ್ಯಾಕರಣ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ.

ಒಂದು ಫಾರಂ ಮರೆಯೋಕೆ ಆಗಿಲ್ಲ. ಯಾರದು ಅಂತ ಗೊತ್ತಾಗದ ಹಾಗೆ ವಿವರ ಬದಲಾಯಿಸಿ ಹೇಳುತ್ತೇನೆ. ಮನೆಗೆ ಬೆಂಕಿ ಬಿದ್ದ ಪ್ರಕರಣ. ವಯಸ್ಸಾದ ಹೆಂಗಸು ಸುಟ್ಟ ಸಾಮಾನಿನ ಪಟ್ಟಿ ತಮ್ಮ ಕೈಯಲ್ಲೇ ಬರೆದಿದ್ದರು. ಬೀರು ಒಂದು. ಹೊಲಿಗೆ ಮಷಿನ್ ಒಂದು. ಮರದ ಕುರ್ಚಿ ಎರಡು. ಪ್ರತಿಯೊಂದರ ಎದುರಿಗೂ ಅಂದಾಜು ಬೆಲೆ. ಪಟ್ಟಿಯ ನಡುವೆ "ಅವರ ಕನ್ನಡಕ ಒಂದು". ಬೆಲೆಯ ಜಾಗ ಖಾಲಿ. ಕೆಳಗೆ ಮತ್ತೆ ಫ್ಯಾನ್, ಟ್ರಂಕು. ಅರ್ಜಿದಾರರ ಮೇಲಿನ ವಿವರದಲ್ಲಿ, ಮನೆಯಲ್ಲಿ ವಾಸವಿರುವವರು: ಒಬ್ಬರು.

ನಾನು ನೂರು ಪುಟ ಬರೆದರೂ "ಅವರ ಕನ್ನಡಕ ಒಂದು" ಅನ್ನುವ ಸಾಲಿನ ಹತ್ತಿರ ಬರಲಾರೆ. ಅವರು ಅದನ್ನು ಓದುಗರ ಕಣ್ಣು ತೇವವಾಗಲಿ ಅಂತ ಬರೆದದ್ದಲ್ಲ. ಪಟ್ಟಿ ಮಾಡುತ್ತಿದ್ದರು, ಅಷ್ಟೇ. ನಾನು ಬರೆದಿದ್ದರೆ ಅದನ್ನು ಕೊನೆಗೆ ಇಡುತ್ತಿದ್ದೆ, ಪರಿಣಾಮ ಜಾಸ್ತಿ ಆಗಲಿ ಅಂತ. ಅವರು ನಡುವೆ ಇಟ್ಟಿದ್ದರು. ಆವತ್ತಿನಿಂದ ಬರೆದದ್ದನ್ನೆಲ್ಲ ತಿದ್ದುವಾಗ, ಅಧ್ಯಾಯದ ಕೊನೆಯ ಸಾಲು ಮೈ ಜುಂ ಅನ್ನಿಸುವ ಹಾಗಿದ್ದರೆ ನನಗೆ ಅನುಮಾನ ಶುರುವಾಗುತ್ತದೆ.

ಜರ್ಮನ್ ಭಾಷೆಯ ದೊಡ್ಡ ಕತೆಗಾರ ಕಾಫ್ಕಾ ಕೂಡ ಇದೇ ಕಸುಬಿನವರು, ಗೊತ್ತಾ? ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ 1908ರಿಂದ 1922ರವರೆಗೆ ಕೆಲಸ ಮಾಡಿದರು. ಮರ ನಯಮಾಡುವ ಯಂತ್ರಗಳಿಗೆ ಬೆರಳು ಸಿಕ್ಕಿ ತುಂಡಾಗುವುದನ್ನು ತಪ್ಪಿಸುವುದು ಹೇಗೆ ಅಂತ ಚಿತ್ರ ಸಮೇತ ವರದಿ ಬರೆದಿದ್ದಾರೆ. ಹೀಗೆ ಹೇಳಿಕೊಂಡು ನನ್ನನ್ನು ಅವರ ಪಕ್ಕ ಕೂರಿಸಿಕೊಳ್ಳುತ್ತಿಲ್ಲ, ಗಾಬರಿಯಾಗಬೇಡಿ. ಆದರೆ "ಕಚೇರಿ ಕೆಲಸ ಸೃಜನಶೀಲತೆಯನ್ನು ಕೊಲ್ಲುತ್ತದೆ" ಅನ್ನುವವರನ್ನು ಕಂಡಾಗ ಆ ಬೆರಳುಗಳ ಚಿತ್ರ ನೆನಪಾಗುತ್ತದೆ. ಕೆಲಸ ಕೊಲ್ಲುವುದು ಸಮಯವನ್ನು. ಸರಕನ್ನು ಅದೇ ತಂದುಕೊಡುತ್ತದೆ.

ಕಾಫ್ಕಾ 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕೂತು ಬೆಳಗ್ಗೆ ಆರಕ್ಕೆ ಒಂದಿಡೀ ಕತೆ ಮುಗಿಸಿ ಎದ್ದ ವಿಷಯ ಬರೆಯುವವರ ನಡುವೆ ಬಹಳ ಜನಪ್ರಿಯ. ನಾನೂ ಅದನ್ನು ನಂಬಿ ಎಷ್ಟೋ ರಾತ್ರಿ ಕೂತಿದ್ದೇನೆ. ಮಾರನೇ ದಿನ ಕಚೇರಿಯಲ್ಲಿ ತೂಕಡಿಸಿದ್ದೊಂದೇ ಲಾಭ. ಅವರ ಮೂರು ಕಾದಂಬರಿಗಳೂ ಅರ್ಧಕ್ಕೇ ನಿಂತಿದ್ದವು ಅನ್ನುವುದನ್ನು ಮಾತ್ರ ಯಾರೂ ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ.

ಆಮೇಲೆ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಟ್ರಾಲಪ್ ದಾರಿ ಹಿಡಿದೆ. ಬಹಳ ವರ್ಷ ಅಂಚೆ ಇಲಾಖೆಯ ನೌಕರಿ ಮಾಡಿಕೊಂಡೇ ಬರೆದು, ಒಟ್ಟು ನಲವತ್ತೇಳು ಕಾದಂಬರಿ ಮುಗಿಸಿದ ಮನುಷ್ಯ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು, ಎದುರಿಗೆ ಗಡಿಯಾರ, ಹದಿನೈದು ನಿಮಿಷಕ್ಕೆ 250 ಪದ. ಆತ್ಮಕತೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ಓದಿ ಜೋಶ್ ಬಂದು ನಾನೂ ಅಲಾರಂ ಇಟ್ಟೆ. ಹನ್ನೊಂದು ದಿನ ನಡೆಯಿತು. ಅದೇ ಆತ್ಮಕತೆಯನ್ನು ಮತ್ತೊಮ್ಮೆ ಸರಿಯಾಗಿ ಓದಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅವರನ್ನು ಎಬ್ಬಿಸೋಕೆ ಒಬ್ಬ ಆಳಿದ್ದ, ಅದಕ್ಕೆಂದೇ ವರ್ಷಕ್ಕೆ ಬೇರೆ ಸಂಬಳ ಕೊಡುತ್ತಿದ್ದರು. ನನ್ನ ಮನೆಯಲ್ಲಿ ಐದೂವರೆಗೆ ಎದ್ದವಳು ಎದ್ದಿದ್ದಾಳೆ ಅಂತ ಗೊತ್ತಾದರೆ ಸಾಕು, ಒಬ್ಬೊಬ್ಬರಾಗಿ ಎದ್ದು ಏನಾದರೂ ಕೇಳುತ್ತಾರೆ.

ಈಗ ನನ್ನದು ಹೇಳಿಕೊಳ್ಳುವಂಥ ಪದ್ಧತಿಯೇನಲ್ಲ. ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಬರೆಯುತ್ತೇನೆ, ರಜೆಯ ದಿನ ಅದನ್ನು ಕಂಪ್ಯೂಟರಿಗೆ ಹಾಕಿ ಮುಕ್ಕಾಲು ಭಾಗ ಅಳಿಸುತ್ತೇನೆ. ಎರಡು ವರ್ಷಕ್ಕೊಂದು ಕರಡು ಆಗುತ್ತದೆ. ಸ್ಫೂರ್ತಿ ಗೀರ್ತಿ ಬಗ್ಗೆ ಹೇಳೋಕೆ ಏನೂ ಇಲ್ಲ.

ಹೇಳಬೇಕಾದದ್ದು ಕರಡು ಆದ ಮೇಲಿನ ಕತೆ.

ಮೊದಲ ಕಾದಂಬರಿ ಮುಗಿದ ರಾತ್ರಿ ನಾನು ಎಷ್ಟು ಮೆರೆದಿದ್ದೆ ಅಂದರೆ, ಮಲಗಿ ಎದ್ದು ನೋಡೋಣ ಅಂತಲೂ ಅನ್ನಿಸಲಿಲ್ಲ. ಇ-ಪುಸ್ತಕ ಓದುವ ಅಮೆಜಾನ್‌ನ ಸಾಧನ ಕಿಂಡಲ್ 2007ರಲ್ಲಿ ಬಂದಾಗಲೇ ಲೇಖಕರು ತಾವೇ ನೇರವಾಗಿ ಪುಸ್ತಕ ಹಾಕುವ ವ್ಯವಸ್ಥೆಯೂ ಜೊತೆಗೇ ಬಂದಿತ್ತು. ಆಮೇಲೆ ಅಂಥವು ಎಷ್ಟೋ ಬಂದವು. ಫೈಲ್ ಹಾಕು, ಮುಖಪುಟ ಹಾಕು, ಒಂದು ಬಟನ್ ಒತ್ತು, ಎರಡು ಮೂರು ದಿನದಲ್ಲಿ ನಿನ್ನ ಇ-ಪುಸ್ತಕ ಮಾರಾಟಕ್ಕೆ. ಯಾರ ಮರ್ಜಿಯೂ ಬೇಡ. "ನೋಡೋಣ, ಆರು ತಿಂಗಳು ಬಿಟ್ಟು ಬನ್ನಿ" ಅನ್ನುವವರಿಲ್ಲ. ಇದೇ ಸ್ವಾತಂತ್ರ್ಯ ಅಂದುಕೊಂಡೆ.

ಮೂರು ವಾರದ ಮೇಲೆ ಒಬ್ಬ ಓದುಗರು ಒಂದು ಫೋಟೋ ಕಳಿಸಿದರು. ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಮನೆಯ ನಕ್ಷೆ. ಕಟ್ಟಡದ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರಂತೆ. ನನ್ನ ಕಾದಂಬರಿಯ ಮನೆಯನ್ನು, ನಾನು ಬರೆದ ಮಾತುಗಳನ್ನೇ ಆಧಾರವಾಗಿ ಇಟ್ಟುಕೊಂಡು ಬರೆದಿದ್ದರು. ನಾಲ್ಕನೇ ಅಧ್ಯಾಯದಲ್ಲಿ ಅಡುಗೆಮನೆ ಹಿಂದುಗಡೆ. ಹನ್ನೊಂದರಲ್ಲಿ ಅಲ್ಲಿಂದಲೇ ಬೀದಿ ಕಾಣುತ್ತದೆ. ಮೆಟ್ಟಿಲು ನಡುಮನೆಯ ಎಡಕ್ಕೆ ಅಂದಿದ್ದೇನೆ, ಎಡದ ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿದೆ ಅಂತಲೂ ಅಂದಿದ್ದೇನೆ. ಕೆಳಗೆ ಒಂದು ಸಾಲು: "ಮೇಡಂ, ಕತೆ ಚೆನ್ನಾಗಿದೆ. ಆದರೆ ನಿಮ್ಮ ನಾಯಕಿ ಈ ಮೆಟ್ಟಿಲು ಹತ್ತಿದರೆ ಪಕ್ಕದ ಮನೆಯವರ ಬಚ್ಚಲಿಗೆ ಹೋಗುತ್ತಾಳೆ."

ನಕ್ಕೆ. ಆಮೇಲೆ ನಗು ಬರಲಿಲ್ಲ. ಮನೆ ತಪ್ಪಾಗಿದ್ದಕ್ಕಲ್ಲ. ನಾನು ಆ ಮನೆಯನ್ನು ನೋಡಿಯೇ ಇರಲಿಲ್ಲ ಅನ್ನುವುದು ಗೊತ್ತಾಗಿದ್ದಕ್ಕೆ. ಆ ಹನ್ನೊಂದನೇ ಅಧ್ಯಾಯದಲ್ಲಿ ಅವಳು ಗಂಡ ಬರುವುದನ್ನು ಕಿಟಕಿಯಿಂದ ನೋಡುತ್ತಾಳೆ. ಅಡುಗೆಮನೆ ಹಿಂದೆಯೇ ಇದ್ದಿದ್ದರೆ ಅವಳು ನೋಡುತ್ತಿರಲಿಲ್ಲ, ಚಪ್ಪಲಿ ಬಿಡುವ ಸದ್ದು ಕೇಳುತ್ತಿದ್ದಳು. ಅದು ಎಷ್ಟೋ ಒಳ್ಳೆಯ ದೃಶ್ಯ ಆಗುತ್ತಿತ್ತು. ಕಿಟಕಿ ಬೇಕು ಅಂತ ನಾನು ಅಡುಗೆಮನೆಯನ್ನೇ ಎತ್ತಿ ಮುಂದಕ್ಕೆ ತಂದಿದ್ದೆ. ತಡೆಯೋರು ಯಾರೂ ಇರಲಿಲ್ಲವಲ್ಲ.

ಎರಡನೇ ಪಾಠ ಕಲಿಸಿದ್ದು ಮುದ್ರಣಾಲಯ. ಎರಡನೇ ಕಾದಂಬರಿಯನ್ನು ಅಚ್ಚು ಹಾಕಿಸಿದೆ. ಪುಟ ವಿನ್ಯಾಸ ಆದ ಮೇಲೆ 212 ಪುಟ ಬಂತು. ಮುದ್ರಣಾಲಯದವರು ಪುಸ್ತಕವನ್ನು ಪುಟದ ಲೆಕ್ಕದಲ್ಲಿ ನೋಡುವುದಿಲ್ಲ, ಫಾರಂ ಲೆಕ್ಕದಲ್ಲಿ ನೋಡುತ್ತಾರೆ. ಇದು ಕ್ಲೇಮ್ ಫಾರಂ ಅಲ್ಲ; ಇಲ್ಲಿ ಒಂದು ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟ. ಹದಿಮೂರು ಫಾರಂಗೆ 208. "ಮೇಡಂ, ನಾಲ್ಕು ಪುಟ ಹೊರಗೆ ಉಳೀತಾವೆ. ಕಮ್ಮಿ ಮಾಡಿ, ಇಲ್ಲಾಂದ್ರೆ ಇನ್ನೊಂದು ಫಾರಂಗೆ ದುಡ್ಡು ಕೊಡಿ" ಅಂದರು. ಸಾಹಿತ್ಯ ವಿಮರ್ಶೆ ಇಷ್ಟು ನೇರವಾಗಿ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಕೂತು ನಾಲ್ಕು ಪುಟ ಹುಡುಕಿದೆ. ಮಳೆಯ ವರ್ಣನೆ ಒಂದೂವರೆ ಪುಟ ಇತ್ತು. ನನಗೆ ಪ್ರಾಣ ಅದು. ಸ್ನೇಹಿತರ ಮುಂದೆ ಗಟ್ಟಿಯಾಗಿ ಓದಿದ್ದೆ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಲು ನೋಡಿದೆ, ಎಲ್ಲಿ ಮುಟ್ಟಿದರೂ ಕತೆ ಕುಂಟುತ್ತಿತ್ತು. ಕೊನೆಗೆ ಮಳೆಯನ್ನು ಮುಚ್ಚಿಟ್ಟು ಓದಿದೆ. ಏನೂ ಆಗಲಿಲ್ಲ. ಏನೆಂದರೆ ಏನೂ ಆಗಲಿಲ್ಲ. ಹಿಂದಿನ ಸಾಲು ಮುಂದಿನ ಸಾಲಿಗೆ ಸಲೀಸಾಗಿ ಹೋಗಿ ಕೂತಿತು, ನಡುವೆ ಒಂದೂವರೆ ಪುಟ ಮಳೆ ಬಂದಿತ್ತು ಅನ್ನುವುದಕ್ಕೆ ಒಂದು ಹನಿ ಗುರುತೂ ಇಲ್ಲ. ಮಿಕ್ಕ ಎರಡೂವರೆ ಪುಟವೂ ಅಂಥ ಕಡೆಗಳಲ್ಲೇ ಸಿಕ್ಕಿತು.

ಫಾರಂ ಲೆಕ್ಕ ಇಲ್ಲದ ಇ-ಪುಸ್ತಕದಲ್ಲಿ ಆ ಮಳೆ ಇವತ್ತಿಗೂ ಸುರಿಯುತ್ತಿರುತ್ತಿತ್ತು.

ಇಷ್ಟಾದ ಮೇಲೆ ಬಂದ ಅಭಿಪ್ರಾಯ ಇದು, ಸ್ವತಂತ್ರವಾಗಿ ಬರೆಯುವ ಗೆಳೆಯರು ಕೆಲವರು ಬೇಜಾರಾಗಬಹುದು. ಪ್ರಕಾಶಕರು ನಮ್ಮನ್ನು ಒಳಗೆ ಬಿಡದ ಕಾವಲುಗಾರರು ಅಂತ ಬೈಯುತ್ತೇವೆ. ಬೈಯೋಣ, ಎಷ್ಟೋ ಸಲ ಅವರ "ಬೇಡ"ಕ್ಕೆ ಕಾರಣವೇ ಇರುವುದಿಲ್ಲ. ನನ್ನ ಒಂದು ಹಸ್ತಪ್ರತಿ ಒಂದು ಕಡೆ ಹದಿನಾಲ್ಕು ತಿಂಗಳು ಕೂತಿತ್ತು, ಕೊನೆಗೆ ಬೇರೆ ಯಾರದೋ ಹಸ್ತಪ್ರತಿ ನನಗೆ ವಾಪಸ್ ಬಂತು. ಆದರೆ ಆ ಬಾಗಿಲನ್ನು ದಾಟದೆ ಪಕ್ಕದ ದಾರಿಯಲ್ಲಿ ಬಂದವರು ಒಂದನ್ನು ಮರೆಯುತ್ತೇವೆ. ಅಲ್ಲಿ ಕೂತವರ ಕೆಲಸ ತಡೆಯುವುದೊಂದೇ ಅಲ್ಲ, ಓದುವುದೂ ಕೂಡ. ಸಂಪಾದಕರು ಅಂತ ಒಬ್ಬರಿದ್ದರೆ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದರು. ವುಲ್ಫ್ ಮನೆಯಲ್ಲೇ ಮುದ್ರಣಾಲಯ ಇಟ್ಟುಕೊಂಡಿದ್ದರೂ ಬರೆದದ್ದನ್ನು ಮೊದಲು ಗಂಡ ಲಿಯೊನಾರ್ಡ್ ಕೈಗೆ ಕೊಟ್ಟು, ಏನು ಹೇಳುತ್ತಾರೋ ಅಂತ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ನಾನು ವುಲ್ಫ್ ಅವರ ಯಂತ್ರದ ಕತೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಕಾಯುತ್ತಿದ್ದ ಕತೆಯನ್ನು ಬಿಟ್ಟುಬಿಟ್ಟಿದ್ದೆ.

ಹಾಗಂತ ಎಲ್ಲರಿಗೂ ಕೊಟ್ಟು ಓದಿಸಿದರೆ ಆಗುತ್ತದಾ? ಇಲ್ಲ. ಸ್ನೇಹಿತರಿಗೆ ಕೊಟ್ಟರೆ "ಸೂಪರ್" ಅಂತ ಬರುತ್ತದೆ, ಕೆಳಗೆ ಎರಡು ಚಪ್ಪಾಳೆ. ಒಬ್ಬರು ಎಂಟು ತಿಂಗಳಿಂದ "ಓದ್ತಾ ಇದೀನಿ, ತುಂಬಾ ಚೆನ್ನಾಗಿದೆ" ಅಂತಿದ್ದಾರೆ. ಅವರು ಹನ್ನೆರಡನೇ ಪುಟ ದಾಟಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಈಗ "ಹೇಗಿದೆ" ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. "ಎಲ್ಲಿ ಮುಚ್ಚಿಟ್ರಿ?" ಅಂತ ಕೇಳುತ್ತೇನೆ. ಓದುತ್ತಾ ಓದುತ್ತಾ ಯಾವ ಪುಟದಲ್ಲಿ ಎದ್ದು ಹೋದಿರಿ, ಆ ನಂಬರ್ ಹೇಳಿ ಸಾಕು. ಇದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ, ಮರ್ಯಾದೆಗೆ ಧಕ್ಕೆಯೂ ಇಲ್ಲ. ಹೊಸ ಕರಡನ್ನು ಐದು ಜನಕ್ಕೆ ಕೊಟ್ಟಿದ್ದೆ. ಮೂವರು 61ನೇ ಪುಟದಲ್ಲಿ ಮುಚ್ಚಿದ್ದರು. ತೆಗೆದು ನೋಡಿದರೆ ಅಲ್ಲಿ ನಾಯಕಿಗೆ ಒಂದು ಕನಸು ಬೀಳುತ್ತದೆ. ಮೂರು ಪುಟದ ಕನಸು, ಸಾಂಕೇತಿಕ ಬೇರೆ. ಅವಳಿಗೆ ಕನಸು ಬಿದ್ದಿತ್ತು, ಓದುಗರಿಗೆ ನಿದ್ದೆ ಬಂದಿತ್ತು. ತೆಗೆದೆ.

ಮಾರಾಟದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮಾರುವುದು ಬರೆಯುವುದಕ್ಕಿಂತ ಕಷ್ಟ, ನನಗೆ ಅದು ಬರುವುದಿಲ್ಲ, ಮುಗಿಯಿತು.

ಈಗ ಮೂರನೆಯದು ನಡೆಯುತ್ತಿದೆ. ಈ ಸಲ ಮೊದಲ ಸಾಲು ಬರೆಯುವ ಮುಂಚೆ ನಾನೇ ಸ್ಕೇಲು ಹಿಡಿದು ಮನೆಯ ನಕ್ಷೆ ಬರೆದೆ. ಕಿಟಕಿ, ಅಡುಗೆಮನೆ, ಮೆಟ್ಟಿಲು ಎಲ್ಲ ಗುರುತು ಮಾಡಿ, ಬೀಗುತ್ತಾ ಆ ನಿವೃತ್ತ ಓದುಗರಿಗೇ ಕಳಿಸಿದೆ. ನೋಡಿ ಸರ್, ಈಗ ಯಾರೂ ಪಕ್ಕದ ಮನೆ ಬಚ್ಚಲಿಗೆ ಹೋಗುವುದಿಲ್ಲ ಅಂತ. ನಿನ್ನೆ ರಾತ್ರಿ ಉತ್ತರ ಬಂತು. ನನ್ನ ನಕ್ಷೆಯದ್ದೇ ಫೋಟೋ. ಮಲಗುವ ಕೋಣೆಯ ಬಾಗಿಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ.

"ಇದು ಒಳಗೆ ತೆರೆಯುತ್ತದೋ ಹೊರಗೋ, ಮೇಡಂ? ಚಿಲಕ ಯಾವ ಕಡೆ?"

ಆ ಬಾಗಿಲ ಹಿಂದೆ ಯಾರಾದರೂ ನಿಂತಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಬೆಳಗ್ಗೆಯಿಂದ ಅದೇ ತಲೆಯಲ್ಲಿ ಓಡುತ್ತಿದೆ.