ದಿಬ್ಬದ ಬುಡದಲ್ಲಿ ಭಾವನ ಕಾರು

ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈಯಿಂದ ಡೀಸೆಲ್ ವಾಸನೆ ಹೋಗಿಲ್ಲ. ಮಧ್ಯಾಹ್ನ ಮುದ್ದೆ ಮುರಿದರೆ ಮುದ್ದೇಲೂ ಅದೇ ವಾಸನೆ, ಸೊಪ್ಪಿನ ಸಾರಲ್ಲೂ ಅದೇ. ಸಿಟ್ಟಂತೂ ಇನ್ನೂ ಇಳಿದಿಲ್ಲ.

ಹಳೇ ಟ್ರ್ಯಾಕ್ಟರ್ ಇರೋ ಮನೆಗಳಿಗೆ ಬೇರೆಯದೇ ವಾಸ್ತು. ದೇವರ ಕೋಣೆ ಈಶಾನ್ಯಕ್ಕೆ, ಒಲೆ ಆಗ್ನೇಯಕ್ಕೆ, ಟ್ರ್ಯಾಕ್ಟರ್ ದಿಬ್ಬಕ್ಕೆ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಮಳೆ ಸುರೀತಿರಲಿ, ಅದನ್ನ ದಿಬ್ಬ ಹತ್ತಿಸಿ, ಮೂತಿ ಇಳಿಜಾರಿಗೆ ತಿರುಗಿಸಿ, ಗಾಲಿಗೆ ಕಲ್ಲು ಕೊಟ್ಟ ಮೇಲೇ ಊಟ. ಬೆಳಿಗ್ಗೆ ಕಲ್ಲು ತೆಗೆದು, ಕ್ಲಚ್ ಒತ್ತಿ, ಗೇರಿಗೆ ಹಾಕಿ ಉರುಳಿಸಬೇಕು. ವೇಗ ಬಂತು ಅನ್ನುವಾಗ ಕ್ಲಚ್ ಬಿಟ್ಟರೆ ಗಾಲಿಯೇ ಇಂಜಿನ್ ತಿರುಗಿಸುತ್ತೆ. ಡಗ್ ಡಗ್ ಡಗ್, ಒಂದು ಬಕೆಟ್ ಕಪ್ಪು ಹೊಗೆ, ಮುಗೀತು. ಬ್ಯಾಟರಿ, ಸೆಲ್ಫ್ ಮೋಟಾರು ಇವೆಲ್ಲ ದಿಬ್ಬ ಇಲ್ಲದವರ ಶೋಕಿ.

ಇವತ್ತು ಬೆಳಿಗ್ಗೆ ಆರೂವರೆಗೆ ಕಲ್ಲು ತೆಗೆಯೋಕೆ ಬಗ್ಗಿದವನು ತಲೆ ಎತ್ತಿ ನೋಡ್ತೀನಿ, ದಿಬ್ಬದ ಬುಡದಲ್ಲಿ ಸರಿಯಾಗಿ ಅಡ್ಡಕ್ಕೆ ಭಾವನ ಹೊಸ ಕಾರು. ಹಬ್ಬಕ್ಕೆ ಬೆಂಗಳೂರಿಂದ ರಾತ್ರಿ ಬಂದಿದ್ದಾರೆ. ಹುಣಸೇಮರದ ನೆರಳು ಸಿಗುತ್ತೆ ಅಂತ ಅಲ್ಲಿ ನಿಲ್ಲಿಸಿದ್ದಾರೆ. ರಾತ್ರಿ ಹನ್ನೊಂದು ಗಂಟೆಗೆ ನೆರಳು!

ಕಣದಲ್ಲಿ ರಾಗಿ ಹರಡಿ ಆಗಿತ್ತು. ತುಳಿಸೋಕೆ ಟ್ರ್ಯಾಕ್ಟರ್ ಬರಬೇಕು. ನಾಲ್ಕು ಜನ ಹೆಣ್ಣಾಳು ಕಣದ ಅಂಚಿಗೆ ಕೂತು, ಕೂಲಿ ಹೇಗೂ ಓಡ್ತಿದೆ ಅನ್ನೋ ನೆಮ್ಮದೀಲಿ ಎಲೆ ಅಡಿಕೆ ಬಿಚ್ಚಿದ್ದರು. ಮನೆ ಅಳಿಯನನ್ನ ಹಬ್ಬದ ದಿನ ಆರೂವರೆಗೆ ಎಬ್ಬಿಸೋ ಧೈರ್ಯ ನಮ್ಮ ಅಮ್ಮನಿಗೇ ಇಲ್ಲ, ನನಗೆಲ್ಲಿಂದ ಬರಬೇಕು. ಸರಿ, ಕೀ ತಿರುಗಿಸೇ ಎಬ್ಬಿಸೋಣ ಅಂತ ಸೀಟು ಹತ್ತಿದೆ.

ನಮ್ಮದು ಬಿ-275. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿ, 1960ರ ದಶಕದಲ್ಲಿ ಮುಂಬೈ ಕಡೆಗೆ ಬಂದು ಇಲ್ಲಿಯವನೇ ಆಗಿಹೋದ ಮಾದರಿ. ಗಾಡಿದೇನೂ ತಪ್ಪಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ತಪ್ಪೆಲ್ಲ ನನ್ನದು. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನೊಳಗೆ ಗಾಳಿ ಒತ್ತಿ ಒತ್ತಿ ಕಾದರೆ ಸಾಕು, ಡೀಸೆಲ್ ತಾನೇ ಹತ್ತಿಕೊಳ್ಳುತ್ತೆ. ಆದರೆ ಜನವರಿ ಚಳಿಗೆ ಗಾಳಿ ಬೇಗ ಕಾಯಲ್ಲ. ಅದಕ್ಕೇ ನಾಲ್ಕು ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್ ಕೊಟ್ಟಿದ್ದಾರೆ. ನಾಲ್ಕೂ ಒಂದರ ಬಾಲಕ್ಕೆ ಒಂದು ಜೋಡಿಸಿದ್ದು, ಥೇಟು ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್. ಒಂದು ಸುಟ್ಟರೆ ನಾಲ್ಕೂ ಢಮಾರ್. ಒಂದು ಸುಟ್ಟಿದೆ ಅಂತ ಮೇಸ್ತ್ರಿ ಹೋದ ವರ್ಷವೇ ಹೇಳಿದ್ದರು. ‘ದಿಬ್ಬ ಇದೆಯಲ್ಲ ಬಿಡಿ’ ಅಂದಿದ್ದೆ.

ಕೀ ತಿರುಗಿಸಿದೆ. ಟಕ್. ಮತ್ತೆ ತಿರುಗಿಸಿದೆ. ಟಕ್. ಬ್ಯಾಟರಿ ಟರ್ಮಿನಲ್ ಮೇಲೆ ಬೆಳ್ಳಗೆ ಉಪ್ಪು ಬೆಳೆದಿತ್ತು. ಬಿಸಿನೀರು ಹುಯ್ದು, ಉಜ್ಜಿ, ಬಿಗಿ ಮಾಡಿದೆ. ಈ ಸಲ ಸೆಲ್ಫು ಊಂ... ಊಂ... ಅಂತ ಎರಡು ಸುತ್ತು ತಿರುಗಿತು, ಬೇಸಿಗೇಲಿ ಸಂತೆಯಿಂದ ಮೂಟೆ ಹೊತ್ತು ಬಂದವರ ಹಾಗೆ. ಆಮೇಲೆ ಅದೂ ಇಲ್ಲ.

ಆ ಊಂಕಾರಕ್ಕೇ ಭಾವ ಎದ್ದು ಬಂದರು. ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಫೋನು.

‘ಭಾವ, ಕಾರು ಒಂಚೂರು ಪಕ್ಕಕ್ಕೆ...’

‘ಅದು ವರ್ಕ್‌ಅರೌಂಡ್ ಕಣಯ್ಯ. ರೂಟ್ ಕಾಸ್ ಹುಡುಕಬೇಕು.’

ಭಾವನ ಅಭ್ಯಾಸ ಇದು. ರಾತ್ರಿ ನಿದ್ದೆ ಬರದಿದ್ದರೆ ಅಮೆರಿಕದವರು ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡೋ ವಿಡಿಯೋ ನೋಡ್ತಾರೆ. ಫೋರ್ಡ್ 8ಎನ್ ಅಂತ ಒಂದಿದೆ, 1947ರಿಂದ 1952ರವರೆಗೆ ಬಂದ ಪೆಟ್ರೋಲ್ ಗಾಡಿ. ಅದರ ಕಾಯಿಲೆ ಕಸಾಲೆ ಪೂರ್ತಿ ಭಾವನಿಗೆ ಬಾಯಿಪಾಠ. ಆರು ವೋಲ್ಟು, ಡಿಸ್ಟ್ರಿಬ್ಯೂಟರು, ಪಾಯಿಂಟು, ಕಂಡೆನ್ಸರು, ಎಲ್ಲ ಪೆಟ್ರೋಲಿಗೆ ಕಿಡಿ ಹಾರಿಸೋ ಸಾಮಾನು. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳು ಹತ್ತಿಕೊಳ್ಳೋ ಸರದಿ, 1-2-4-3 ಅಂತ ಮಗ್ಗಿ ಹೇಳಿದ ಹಾಗೆ ಹೇಳ್ತಾರೆ. ಮದುವೆ ದಿನ ಎಷ್ಟು ಅಂತ ಅಕ್ಕ ಕೇಳಿದರೆ ಮಾತ್ರ ತಡವರಿಸ್ತಾರೆ.

‘ಪಾಯಿಂಟ್ ಕೊಳೆ ಆಗಿರುತ್ತೆ. ಅವರು ಗರಿಗರಿ ನೋಟು ಮಧ್ಯ ತೂರಿಸಿ ಎಳೀತಾರೆ, ಕ್ಲೀನ್ ಆಗಿಬಿಡುತ್ತೆ. ನೋಟು ಕೊಡು.’

‘ಭಾವ, ಇದು ಡೀಸೆಲ್ಲು. ಪಾಯಿಂಟ್ ಇರಲ್ಲ.’

‘ಇರುತ್ತೆ. ಸರಿಯಾಗಿ ನೋಡಿರಲ್ಲ ನೀನು.’

ನಾನು ಕೊಡಲಿಲ್ಲ. ಅವರೇ ಜೇಬಿಂದ ಹತ್ತು ರೂಪಾಯಿಯ ಹೊಸ ನೋಟು ತೆಗೆದು, ಉದ್ದಕ್ಕೆ ಮಡಿಸಿ, ಇಂಜಿನ್ನಿನ ಬಲಗಡೆ ಬಗ್ಗಿದರು. ಡೀಸೆಲ್ ಪಂಪಿನ ಹತ್ತಿರ ಹಿಡಿದರು. ಫಿಲ್ಟರ್ ಸಂದಿಗೆ ಹಿಡಿದರು. ಎಡಗಡೆ ಬಂದು ಡೈನಮೋಗೆ ತೋರಿಸಿದರು. ಆಮೇಲೆ ಮುಂದೆ ಹೋಗಿ ರೇಡಿಯೇಟರಿನ ಎದುರು ನೋಟು ಹಿಡಿದು ಒಂದು ನಿಮಿಷ ಸುಮ್ಮನೆ ನಿಂತರು. ಗರ್ಭಗುಡಿ ಎದುರು ಹುಂಡಿ ಹುಡುಕೋ ಭಕ್ತರ ಹಾಗೆ.

ಕಣದಂಚಿನಿಂದ ಒಂದು ಅಜ್ಜಿ ಕೂಗಿತು: ‘ಏನ್ ಸ್ವಾಮಿ, ಅದೂ ಲಂಚ ಇಲ್ದೆ ಎದ್ದೇಳಲ್ವಾ?’

ಉಳಿದವರು ಎಲೆ ಅಡಿಕೆ ಸಮೇತ ನಕ್ಕರು. ಇನ್ನೊಬ್ಬಾಕೆ ‘ಹತ್ತಕ್ಕೆಲ್ಲಿ ಏಳ್ತದೆ, ನೂರು ತೋರ್ಸಿ’ ಅಂದಳು. ಭಾವನಿಗೆ ಕೇಳಿಸಲಿಲ್ಲ. ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ನೋಡ್ತಿದ್ದರು. ಅಮೆರಿಕದ ರೈತ ಅಷ್ಟು ಶುಭ್ರವಾದ ಬಟ್ಟೇಲಿ ಟ್ರ್ಯಾಕ್ಟರ್ ರಿಪೇರಿ ಮಾಡೋದು ನೋಡಿದರೇ ನನಗೆ ಅನುಮಾನ. ಮೇಸ್ತ್ರಿಗೆ ಫೋನ್ ಮಾಡಿದೆ. ‘ಫೋನು ಇಂಜಿನ್ ಹತ್ರ ಹಿಡೀರಿ, ಸೌಂಡ್ ಕೇಳಿ ಹೇಳ್ತೀನಿ’ ಅಂದರು. ಹಿಡಿದೆ. ‘ಏನೂ ಕೇಳಿಸ್ತಿಲ್ವಲ್ಲ’ ಅಂದರು. ಇಟ್ಟುಬಿಟ್ಟೆ.

ಸ್ಪ್ಯಾನರ್ ಹುಡುಕೋಕೆ ಟೂಲ್ ಬಾಕ್ಸಿಗೆ ಕೈ ಹಾಕಿದರೆ ಅಪ್ಪನ ಸುಣ್ಣದ ಡಬ್ಬಿ ಸಿಕ್ಕಿತು. ಒಳಗೆ ಸುಣ್ಣ ಕಲ್ಲಾಗಿದೆ. ಅಪ್ಪನಿಗೆ ಹೀಟರಿನ ಲೆಕ್ಕ ಸೆಕೆಂಡಿನಲ್ಲಿ ಗೊತ್ತಿರಲಿಲ್ಲ. ಹೀಟರ್ ಒತ್ತಿ ಹಿಡಿಯೋ ಕೆಲಸ ನನ್ನದು. ಅವರು ಸೀಟಿನಲ್ಲಿ ಕೂತು ವೀಳ್ಯದೆಲೆ ತೊಡೆಗೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಬಾಯಿಗೆ ಹಾಕಿಕೊಳ್ಳೋರು. ಎಲೆ ಬಾಯಿಗೆ ಹೋದ ಹೊತ್ತಿಗೆ ಡ್ಯಾಶ್‌ಬೋರ್ಡಿನ ಸುರುಳಿ ತಂತಿ ಕೆಂಪಗೆ ಕಾದಿರೋದು. ‘ಹ್ಞೂಂ’ ಅನ್ನೋರು. ಕೀ ತಿರುಗಿಸಿದರೆ ಒಂದೇ ಏಟಿಗೆ ಎದ್ದೇಳೋದು. ಆಗ ದಿಬ್ಬದ ಮೇಲೆ ಕಡ್ಲೆ ಹಾಕ್ತಿದ್ದೆವು.

ಡಬ್ಬಿ ಮತ್ತೆ ಅಲ್ಲೇ ಇಟ್ಟೆ.

ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಅಕ್ಕ ಹೊರಗೆ ಬಂದಳು. ಟ್ರ್ಯಾಕ್ಟರ್ ನೋಡಿದಳು, ದಿಬ್ಬ ನೋಡಿದಳು, ಕಾರು ನೋಡಿದಳು, ನೋಟು ಹಿಡಿದು ನಿಂತ ಗಂಡನನ್ನ ನೋಡಿದಳು. ಅವಳು ಈ ಮನೇಲಿ ಹುಟ್ಟಿದವಳು. ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಕಾರಿನ ಕೀ ತಂದು, ನೈಟಿ ಮೇಲೇ ಹತ್ತಿ ಕೂತು, ಕಾರನ್ನ ಹಟ್ಟಿ ಪಕ್ಕಕ್ಕೆ ನಿಲ್ಲಿಸಿ ಬಂದಳು. ಕಾಫಿ ಇನ್ನೂ ಬಿಸಿಯಾಗೇ ಇತ್ತು.

ಕಲ್ಲು ತೆಗೆದೆ. ಉರುಳಿತು. ಕ್ಲಚ್ ಬಿಟ್ಟೆ. ಡಗ್ ಡಗ್ ಡಗ್. ಭಾವನ ಬಿಳಿ ಬನಿಯನ್ನು ಬೂದಿ ಬಣ್ಣವಾಯ್ತು.

‘ನೋಡಿದ್ಯಾ?’ ಹೊಗೆಯೊಳಗಿಂದ ಭಾವ ಕೂಗಿದರು. ‘ನಾನು ಎಲ್ಲೋ ಒಂದ್ಕಡೆ ಕರೆಕ್ಟಾಗಿ ತೂರಿಸಿದೀನಿ.’

ರಾಗಿ ತುಳಿಸಿ ಆಯ್ತು. ಈಗ ಸಂಜೆ ಐದಾಗಿದೆ. ಇದನ್ನ ಬರೀತಿರೋ ಜಗಲಿ ಎದುರಿಗೇ ಟ್ರ್ಯಾಕ್ಟರ್ ಗುಡುಗುಡು ಅಂತಲೇ ಇದೆ. ಕೀ ತೆಗೆದರೆ ಅದು ನಿಲ್ಲಲ್ಲ, ಸ್ಟಾಪ್ ರಾಡ್ ಎಳೀಬೇಕು. ಎಳೆಯೋಕೆ ಯಾರಿಗೂ ಧೈರ್ಯ ಇಲ್ಲ. ಯಾಕಂದ್ರೆ ಹಟ್ಟಿ ಪಕ್ಕ ಸಗಣಿ ವಾಸನೆ ಅಂತ ಭಾವ ಕಾರು ತಂದು ಮತ್ತೆ ಹುಣಸೇಮರದ ಕೆಳಗೇ ನಿಲ್ಲಿಸಿದ್ದಾರೆ.